ಸಮ್ಮೇಳನ ತಿರುಪ್ಪೂರಿಗೆ ಬಂದದ್ದು

ಬೇರೆ ಬೇರೆ ದೇಶಗಳ ಜನ ಒಂದೂರಿನಲ್ಲಿ ಸೇರಿ ಮನಸ್ಸಿನ ಆರೋಗ್ಯದ ಬಗ್ಗೆ ಮಾತಾಡಬೇಕೆಂದರೆ, ಅವರನ್ನು ಕರೆಸಿ, ಇಳಿಸಿಕೊಂಡು, ಉಣ್ಣಿಸಿ, ಮಾತಿಗೆ ಕೂರಿಸುವ ಆತಿಥೇಯರು ಯಾರಾಗಬೇಕೆಂದು ಎಷ್ಟೋ ಮೊದಲೇ ಯಾರಾದರೂ ತೀರ್ಮಾನಿಸಬೇಕು. ಹಾಗೆ ತೀರ್ಮಾನಿಸುವವರಲ್ಲಿ ನಾನೂ ಒಬ್ಬಳಾಗಿದ್ದೆ. ಈಗ ನಿವೃತ್ತಳಾಗಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ತರಬೇತಿಯಲ್ಲಿ ಊರುಗಳಿಗೆ ಅಂಕ ಹಾಕುವ ಅಂಕಪಟ್ಟಿ ತುಂಬುವುದನ್ನು ಹೇಳಿಕೊಡುತ್ತಾರಂತೆ. ಅಂಕಪಟ್ಟಿಯಲ್ಲಿ ಸಿಗದ ಕೆಲವು ಸಂಗತಿಗಳು ನನ್ನಲ್ಲಿವೆ. ಅವರಿಗಾಗಿ ಬರೆದಿಡುತ್ತಿದ್ದೇನೆ.

ನಾನು ಜೆಸಿಂತಾ, ಮೈಸೂರಿನವಳು. ಸಮಾಜಕಾರ್ಯ ಓದಿ ಒಂದಷ್ಟು ವರ್ಷ ಮಾನಸಿಕ ಆಸ್ಪತ್ರೆಯೊಂದರಲ್ಲಿ ದುಡಿದೆ. ಗಂಡನಿಗೆ ಕೊಯಮತ್ತೂರಿನ ಪಂಪ್ ಕಾರ್ಖಾನೆಯಲ್ಲಿ ಕೆಲಸವಾದಾಗ ಜೊತೆಗೆ ಬಂದೆ. ಹಲವು ದೇಶಗಳ ಸಂಘಟನೆಗಳು ಸೇರಿ ಕಟ್ಟಿದ್ದ ಒಂದು ಒಕ್ಕೂಟದ ಪ್ರಾದೇಶಿಕ ಕಚೇರಿ ಅಲ್ಲಿ ಆರ್.ಎಸ್. ಪುರಂನ ಒಂದು ಬಾಡಿಗೆ ಮಹಡಿಯಲ್ಲಿತ್ತು. ಕೆಳಗೆ ಹಲ್ಲಿನ ಡಾಕ್ಟರ ಚಿಕಿತ್ಸಾಲಯ. ನಾವು ವಿದೇಶದವರೊಂದಿಗೆ ಫೋನಿನಲ್ಲಿ ಗಂಭೀರವಾಗಿ ಮಾತಾಡುವಾಗ ಕೆಳಗೆ ಹಲ್ಲು ಕೊರೆಯುವ ಯಂತ್ರ ಗುಂಯ್‌ಗುಡುತ್ತಿತ್ತು. ಆ ಕಡೆಯವರು ತಂತಿ ಕೆಟ್ಟಿದೆಯೆಂದೇ ತಿಳಿಯುತ್ತಿದ್ದರು.

ಮನಸ್ಸಿನ ಕಾಯಿಲೆ ಬಂದ ಮೇಲೆ ಔಷಧ ಕೊಡುವುದು ಒಂದು ಕೆಲಸ. ಕಾಯಿಲೆ ಆದಷ್ಟು ಬಾರದ ಹಾಗೆ, ಬಂದವರೂ ನಾಲ್ಕು ಜನರ ನಡುವೆ ಮರ್ಯಾದೆಯಿಂದ ಬಾಳುವ ಹಾಗೆ ಶಾಲೆಯನ್ನು, ಕಾರ್ಖಾನೆಯನ್ನು, ಬೀದಿಯನ್ನು ಸಿದ್ಧ ಮಾಡುವುದು ಇನ್ನೊಂದು. ನಮ್ಮ ಒಕ್ಕೂಟ ಎರಡನೆಯ ಕೆಲಸದ್ದು. ಅದರ ಸಮ್ಮೇಳನ ಪ್ರತಿ ಸಲ ಬೇರೆ ಬೇರೆ ಊರಿನಲ್ಲಿ ನಡೆಯುತ್ತಿತ್ತು. ನಮ್ಮ ಭಾಗದ ದೇಶಗಳಿಂದ ಬರುವ ಅರ್ಜಿಗಳನ್ನು ಜರಡಿ ಹಿಡಿದು, ಊರು ನೋಡಿ ಬಂದು, ಯಾರು ಆತಿಥೇಯರಾಗಲು ತಕ್ಕವರೆಂದು ಹೇಳುವುದು ನಮ್ಮ ಕಚೇರಿಯ ಹೊಣೆ.

ನಮ್ಮ ನಿರ್ದೇಶಕರು ಡಾಕ್ಟರ್ ವೆಳ್ಳಿಯಂಗಿರಿ. ಮನೋವೈದ್ಯರು, ಎತ್ತರದ ಆಳು, ಕೊಯಮತ್ತೂರಿನ ಚಿತ್ತಿರೈ ತಿಂಗಳ ಸುಡುಬಿಸಿಲಿನಲ್ಲೂ ಕೋಟು ಬಿಚ್ಚದವರು. ದೊಡ್ಡವರ ಪರಿಚಯ ಬಹಳ. ಒಳ್ಳೆಯ ಸಭಾಂಗಣ ಕಂಡರೆ ಚಿಕ್ಕ ಮಕ್ಕಳಂತೆ ಹಿಗ್ಗುತ್ತಿದ್ದರು. ತಪ್ಪಾದರೆ ತಪ್ಪೆಂದು ಒಪ್ಪುವ ಗುಣವೂ ಇತ್ತು. ಅಂಥ ಮೇಲಧಿಕಾರಿ ಸಿಗುವುದು ಅಪರೂಪವೆಂದು ಆಮೇಲೆ ತಿಳಿಯಿತು.

ಆ ಗುಣ ನನಗೆ ಮೊದಲು ಕಂಡದ್ದು ವಾಲ್ಪಾರೈ ಎಂಬ ಬೆಟ್ಟದೂರಿನ ಪ್ರಸಂಗದಲ್ಲಿ. ಸಮ್ಮೇಳನಕ್ಕೆ ಮುಂಚಿನ ಒಂದು ಸಣ್ಣ ಅಂತಾರಾಷ್ಟ್ರೀಯ ಕಮ್ಮಟಕ್ಕೆ ಜಾಗ ಬೇಕಿತ್ತು. ಡಾಕ್ಟರು ಹರೆಯದಲ್ಲಿ ಅಲ್ಲಿನ ಟೀ ಎಸ್ಟೇಟಿನಲ್ಲಿ ವೈದ್ಯರಾಗಿದ್ದವರು. ಎಸ್ಟೇಟಿನ ಹಳೆಯ ಕ್ಲಬ್ಬು, ಸುತ್ತ ಹಸಿರು, ತಣ್ಣನೆಯ ಗಾಳಿ, ಮನಸ್ಸಿನ ಆರೋಗ್ಯಕ್ಕೆ ಇದಕ್ಕಿಂತ ಬೇಕೆ ಎಂದರು. ಕಾರಿನಲ್ಲಿ ಹೋಗಿ ನೋಡಿ ಬಂದು ಸೈ ಎಂದುಬಿಟ್ಟರು.

ಬಂದ ಅತಿಥಿಗಳನ್ನು ಬಸ್ಸಿನಲ್ಲಿ ಹತ್ತಿಸಿದೆವು. ಬೆಟ್ಟದ ಬುಡದ ಆಳಿಯಾರ್ ದಾಟಿ ಘಾಟಿ ಶುರುವಾದದ್ದೇ ತಡ, ಒಂದೊಂದು ತಿರುವಿಗೂ ಒಬ್ಬೊಬ್ಬರು ಕಿಟಕಿಯಿಂದ ತಲೆ ಹೊರಗೆ ಹಾಕಿದರು. ಅವರಲ್ಲಿ ಹಲವರು ಮನಸ್ಸಿನ ಕಾಯಿಲೆಗೆ ಹೊಟ್ಟೆ ತೊಳಸುವಂಥ ಮಾತ್ರೆ ತಗೊಳ್ಳುತ್ತಿದ್ದವರು. ಅರ್ಧ ದಾರಿಯಲ್ಲಿ ಆನೆಗಳು ರಸ್ತೆಗಿಳಿದವು. ಬಸ್ಸು ನಿಂತಲ್ಲೇ ನಿಂತಿತು. ಮೇಲೆ ತಲುಪುವಾಗ ಮಂಜು ಕವಿದು ಕ್ಲಬ್ಬೇ ಕಾಣುತ್ತಿರಲಿಲ್ಲ. ಕೂಲಿ ಲೈನಿನ ಹೆಂಗಸರು ಶುಂಠಿ ಹಾಕಿದ ಕಪ್ಪು ಚಹಾ ತಂದು, ಸುಸ್ತಾದವರನ್ನು ತಮ್ಮ ಮನೆಗಳಿಗೇ ಕರೆದೊಯ್ದು ಮಲಗಿಸಿದರು. ಕಮ್ಮಟದ ಮೊದಲ ದಿನ ಹೀಗೆ ಲೈನ್ ಮನೆಗಳ ಚಾಪೆಗಳ ಮೇಲೆ ಕಳೆಯಿತು.

ಇಳಿದು ಬಂದ ಮೇಲೆ ಡಾಕ್ಟರು ನನ್ನನ್ನು ಕರೆದರು. "ಜೆಸಿಂತಾ, ನನಗೆ ಆ ಊರು ಇಷ್ಟ. ಬರುವವರಿಗೆ ಆ ದಾರಿ ಹಿಡಿಸುತ್ತದೆಯೇ ಅಂತ ಯೋಚಿಸಲೇ ಇಲ್ಲ. ಇನ್ನು ಮೇಲೆ ಜಾಗ ನೋಡಲು ಹೋಗುವವರು ಅತಿಥಿಗಳು ಹೋಗುವ ಗಾಡಿಯಲ್ಲೇ ಹೋಗಬೇಕು. ನಾನೂ ಸೇರಿ." ಆ ನಿಯಮ ನಾನು ನಿವೃತ್ತಳಾಗುವವರೆಗೂ ನಡೆಯಿತು. ಕೋಟು ಹಾಕಿದ ನಿರ್ದೇಶಕರು ನಗರ ಸಾರಿಗೆಯ ಬಸ್ಸಿನಲ್ಲಿ ಕಂಬಿ ಹಿಡಿದು ಜೋಲುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಾನು ಸೇರಿದಾಗ ಅರ್ಜಿಗಳು ಕೊರಿಯರಿನಲ್ಲಿ ಬರುತ್ತಿದ್ದವು. ಮದುವೆ ಆಲ್ಬಮ್ಮಿನಂಥ ಹೊಳೆಯುವ ಪುಸ್ತಕಗಳು. ಆಮೇಲೆ ಸಿ.ಡಿ. ಬಂತು, ಹಿನ್ನೆಲೆಗೆ ಕೊಳಲಿನ ಸಂಗೀತ. ಆಮೇಲೆ ಇಮೇಲು. ಚಿತ್ರಗಳು ಚಂದವಾದಷ್ಟೂ ನಮ್ಮ ಕೆಲಸ ಕಷ್ಟವಾಯಿತು. ಒಂದು ಊರಿನವರು ಕಳಿಸಿದ ಸಭಾಂಗಣದ ಚಿತ್ರ ಕಂಡು ನಾವೆಲ್ಲ ಬೆರಗಾಗಿದ್ದೆವು. ಗಾಲಿಕುರ್ಚಿಯವರು ವೇದಿಕೆಗೆ ಹತ್ತುವುದು ಹೇಗೆ ಎಂದು ನಾನು ಫೋನು ಮಾಡಿ ಕೇಳಿದೆ. ಆ ಕಡೆಯವರು ತಡವರಿಸಿದರು. "ಅದನ್ನು ಆರ್ಕಿಟೆಕ್ಟ್ ಹತ್ತಿರ ಕೇಳಿ ಹೇಳಬೇಕು ಮೇಡಂ, ಇನ್ನೂ ಪಾಯ ಹಾಕಿಲ್ಲ" ಎಂದರು. ಚಿತ್ರ ಕಂಪ್ಯೂಟರಿನಲ್ಲಿ ಬಿಡಿಸಿದ್ದು! ಹೊಸಬರಿಗೆ ಹೇಳುವುದಿಷ್ಟೇ: ಫೋನು ಮಾಡಿ, ಮಾತಾಡಿ. ಚಿತ್ರಕ್ಕೆ ತಡವರಿಸಲು ಬರುವುದಿಲ್ಲ, ಮನುಷ್ಯರಿಗೆ ಬರುತ್ತದೆ.

ಆದರೆ ನಮ್ಮ ಪದ್ಧತಿಯನ್ನು ನಿಜವಾಗಿ ಬದಲಿಸಿದ್ದು ಇಮೇಲಲ್ಲ, ವಸಂತಿ. ಜಾಗ ನೋಡುವ ಪ್ರತಿ ತಂಡದಲ್ಲೂ ಮನಸ್ಸಿನ ಕಾಯಿಲೆ ಅನುಭವಿಸಿದವರೊಬ್ಬರು ಸದಸ್ಯರಾಗಿರಬೇಕು ಎಂದು ಒಕ್ಕೂಟ ಆ ವರ್ಷಗಳಲ್ಲಿ ತೀರ್ಮಾನಿಸಿತು. ನಮ್ಮ ತಂಡಕ್ಕೆ ಬಂದವರು ಮಲೇಷ್ಯಾದ ಇಪೋ ಊರಿನ ವಸಂತಿ. ಹರೆಯದಲ್ಲಿ ವರ್ಷಗಟ್ಟಲೆ ಆಸ್ಪತ್ರೆಯಲ್ಲಿದ್ದವರು, ಆಮೇಲೆ ಶಿಶುವಿಹಾರದಲ್ಲಿ ಟೀಚರಾದವರು. ತಾತನ ಕಾಲದಲ್ಲಿ ರಬ್ಬರು ತೋಟಕ್ಕೆ ಹೋದ ತಮಿಳು ಕುಟುಂಬ. ಸಣ್ಣ ಆಳು, ಸಾದಾ ನೂಲಿನ ಸೀರೆ, ಒಂದು ಕಪ್ಪು ಬ್ಯಾಗು. ವಿದೇಶದ ಸದಸ್ಯೆ ಎಂದರೆ ಯಾರೂ ನಂಬುತ್ತಿರಲಿಲ್ಲ.

ನಮ್ಮ ಭಾಗದಲ್ಲೇ ಸಮ್ಮೇಳನ ನಡೆಸಬೇಕೆಂದು ಮಾತು ಬಂದಾಗ ಕೊಯಮತ್ತೂರು ಸೀಮೆಯಿಂದ ಎರಡು ಅರ್ಜಿಗಳು ಬಂದವು. ಒಂದು, ಊರ ಹೊರಗಿನ ಒಂದು ದೊಡ್ಡ ಕಾಲೇಜಿನದು. ಇನ್ನೊಂದು, ತಿರುಪ್ಪೂರಿನ ಒಂದು ಸಂಘದ್ದು. ಮನಸ್ಸಿನ ಕಾಯಿಲೆಯವರೂ ಅವರ ಮನೆಯವರೂ ಸೇರಿ ಕಟ್ಟಿಕೊಂಡ ಸಂಘ. ತಿರುಪ್ಪೂರು ಬೇರೆ ಜಿಲ್ಲೆಯಾಗುವುದಕ್ಕೆ ಸ್ವಲ್ಪ ಮುಂಚಿನ ಮಾತು ಇದು. ಎರಡರಲ್ಲಿ ಒಂದನ್ನು ಆರಿಸಿ, ಹೊರದೇಶದ ಇನ್ನೊಂದು ನಗರದ ಎದುರು ನಿಲ್ಲಿಸಬೇಕಿತ್ತು.

ಮೊದಲು ಕಾಲೇಜಿಗೆ ಹೋದೆವು. ಗೇಟಿನಲ್ಲಿ ಕುಂಭ, ನಾದಸ್ವರ. ಡಾಕ್ಟರಿಗೆ ಶಾಲು, ನನಗೆ ಹೂಗುಚ್ಛ. ವಸಂತಿಯನ್ನು ನನ್ನ ಸಹಾಯಕಿಯೆಂದುಕೊಂಡು ಆ ಹೂಗುಚ್ಛವನ್ನು ಅವರ ಕೈಗೆ ದಾಟಿಸಿದರು. ಅವರೇ ತಂಡದ ಸದಸ್ಯೆ, ಕಾಯಿಲೆ ಅನುಭವಿಸಿದವರ ಪರವಾಗಿ ಮಲೇಷ್ಯಾದಿಂದ ಬಂದವರು ಎಂದೆ. ಇಂಗ್ಲಿಷಿನಲ್ಲಿ ಕ್ಷಮೆ ಕೇಳಿ ಇನ್ನೊಂದು ಗುಚ್ಛ ತರಿಸಿದರು. ಸಭಾಂಗಣ ಅಂದರೆ ಅದು. ಮೆತ್ತನೆ ಕುರ್ಚಿ, ತಣ್ಣನೆ ಹವೆ, ಪಿಸುಮಾತೂ ಕೊನೆಯ ಸಾಲಿಗೆ ಕೇಳುವ ಧ್ವನಿವರ್ಧಕ. ಡಾಕ್ಟರು ಕೈ ಕಟ್ಟಿಕೊಂಡು ಛಾವಣಿ ನೋಡುತ್ತ ನಿಂತರು.

ಅಲ್ಲಿಯವರೆಗೆ ಎಲ್ಲ ಸರಿ. ನಾನು ಕೇಳಿದೆ: "ಕಾಯಿಲೆ ಅನುಭವಿಸಿದ ಪ್ರತಿನಿಧಿಗಳು ಬಹಳ ಜನ ಬರುತ್ತಾರೆ. ಅವರನ್ನು ಎಲ್ಲಿ ಕೂರಿಸುತ್ತೀರಿ?"

ಕಾಲೇಜಿನ ಕಾರ್ಯದರ್ಶಿ ಪಕ್ಕದಲ್ಲಿದ್ದ ಆಡಳಿತಾಧಿಕಾರಿಯ ಕಡೆ ತಿರುಗಿ ತಮಿಳಿನಲ್ಲಿ ಹೇಳಿದ. ವಿದೇಶದವಳಿಗೆ ತಮಿಳು ಬಾರದೆಂದು ಅವನ ಧೈರ್ಯ. ಅವರನ್ನೆಲ್ಲ ಹಳೆಯ ಬ್ಲಾಕಿಗೆ ಹಾಕಿ, ಅಲ್ಲೊಂದು ಟಿ.ವಿ. ಇಟ್ಟರೆ ಕಾರ್ಯಕ್ರಮ ನೋಡಿಕೊಳ್ಳುತ್ತಾರೆ, ಇಲ್ಲಿ ಮಂತ್ರಿಗಳು, ಪತ್ರಿಕೆಯವರು ಇರುತ್ತಾರಲ್ಲ ಎಂದ. ಆಮೇಲೆ ನನ್ನತ್ತ ಬಾಗಿ, ದನಿ ತಗ್ಗಿಸಿ, ವಸಂತಿಯತ್ತ ಕಣ್ಣು ತೋರಿಸಿ ಕೇಳಿದ: "ಮೇಡಂ, ಇವರು... ಮಾತ್ರೆ ತಗೊಂಡೇ ಬಂದಿದ್ದಾರೆ ತಾನೆ?"

ವಸಂತಿ ಹೂಗುಚ್ಛ ಮೇಜಿನ ಮೇಲಿಟ್ಟು ನಗುತ್ತ ಹೇಳಿದರು: "ಮಾತ್ತಿರೈ ಕಾಲೈಲೇಯೇ ಪೋಟ್ಟುಟ್ಟೇನ್ ಸಾರ್. ನೀಂಗ ಪೋಟ್ಟೀಂಗಳಾ?" ಮಾತ್ರೆ ಬೆಳಿಗ್ಗೆಯೇ ತಗೊಂಡೆ, ನೀವು ತಗೊಂಡಿರಾ ಎಂದು. ಆತ ರಕ್ತದೊತ್ತಡದ ಮಾತ್ರೆ ನುಂಗುವವನಿರಬೇಕು. ಗಾಬರಿಯಲ್ಲಿ ಹೌದೆಂದು ತಲೆಯಾಡಿಸಿಬಿಟ್ಟ.

ವಾಪಸು ಬರುವಾಗ ಡಾಕ್ಟರ ಮನಸ್ಸು ಆ ಸಭಾಂಗಣದಲ್ಲೇ ಇತ್ತು. ಕಾರ್ಯದರ್ಶಿ ಅವರ ಹಳೆಯ ಸ್ನೇಹಿತ. "ಅವನು ಆಡಿದ್ದು ತಪ್ಪು. ಆದರೆ ವಸಂತಿ, ಸಭಾಂಗಣ ತಪ್ಪು ಮಾಡಿಲ್ಲವಲ್ಲ. ಅಷ್ಟು ಒಳ್ಳೆಯ ಜಾಗ ಈ ಸೀಮೆಯಲ್ಲೇ ಇಲ್ಲ" ಎಂದರು.

"ನಿಜ ಡಾಕ್ಟರ್, ಹಾಲ್ ಬಹಳ ಚೆನ್ನಾಗಿದೆ. ಟಿ.ವಿ.ಯಲ್ಲಿ ಇನ್ನೂ ಚೆನ್ನಾಗಿ ಕಾಣಬಹುದು" ಎಂದರು ವಸಂತಿ. ಡಾಕ್ಟರು ಕಿಟಕಿಯ ಕಡೆ ಮುಖ ತಿರುಗಿಸಿದರು.

ಮುಂದಿನ ವಾರ ವಸಂತಿಯೂ ನಾನೂ ಬಸ್ಸು ಹಿಡಿದು ತಿರುಪ್ಪೂರಿಗೆ ಹೋದೆವು. ಡಾಕ್ಟರಿಗೆ ಬೇರೆ ಸಭೆ ಇತ್ತು. ಸಂಘದ ಅಧ್ಯಕ್ಷೆ ರಂಗಮ್ಮಾಳ್. ಬನಿಯನ್ ಬಟ್ಟೆಗಳನ್ನು ಹೊಲಿದು, ಪರೀಕ್ಷಿಸಿ, ಮಡಚಿ, ಪೆಟ್ಟಿಗೆಗೆ ತುಂಬುವ ಒಂದು ಸಣ್ಣ ಘಟಕ ನಡೆಸುತ್ತಿದ್ದರು. ದುಂಡು ಮುಖ, ಗಟ್ಟಿ ಗಂಟಲು, ತಲೆಗೂದಲ ಮೇಲೆ ಹತ್ತಿಯ ಎಳೆ. ಘಟಕದ ಹಿಂದಿನ ಶೆಡ್ಡಿನಲ್ಲೇ ಸಂಘದ ಸಭೆ. ನಾವು ಕೂತಿರುವಾಗ ಮೈಸೂರಿನಿಂದ ನನ್ನ ತಂಗಿಯ ಫೋನು ಬಂತು. ಆಮೇಲೆ ಮಾಡುತ್ತೇನೆಂದು ಕನ್ನಡದಲ್ಲಿ ಹೇಳಿ ಇಟ್ಟೆ. ರಂಗಮ್ಮಾಳ್ ಮುಖ ಅರಳಿತು.

"ನೀವು ಕನ್ನಡದವ್ರಾ ಅಮ್ಮಣಿ? ಮೊದ್ಲೇ ಹೇಳಬಾರ್ದಾ! ನಾವೂ ಮನೇಲಿ ಕನ್ನಡಾನೇ ಪೇಸೋದು. ನಮ್ ಊರು ಆನೈಮಲೈ ಪಕ್ಕ, ತೆಂಗಿನ ತೋಟ. ಎಷ್ಟ್ ತಲೆಮೊರೆಯಾಯ್ತೋ ಇಲ್ಲಿ ಬಂದು. ಎಳುತ್ತು ಮಾತ್ರ ತೆರಿಯಾದು, ಓದಕ್ ಬರಲ್ಲ. ಮಾತು ಮಾತ್ರ ಬಿಟ್ಟಿಲ್ಲ."

ತಮಿಳು ಬೆರೆತ ಕನ್ನಡ; ಪೇಸೋದು ಅಂದರೆ ಮಾತಾಡುವುದು, ಎಳುತ್ತು ಅಂದರೆ ಅಕ್ಷರ, ತೆರಿಯಾದು ಅಂದರೆ ಗೊತ್ತಿಲ್ಲ. ನನಗೂ ಖುಷಿಯಾಯಿತು, ಸುಳ್ಳೇಕೆ? ಆದರೆ ಕೆಲಸ ಕೆಲಸವೇ. ತಿರುಪ್ಪೂರಿನವರಿಗೆ ತಪಾಸಣೆ ಹೊಸದಲ್ಲ. ವಿದೇಶದ ಖರೀದಿದಾರರು ಬಂದು ಕಾರ್ಖಾನೆಗಳನ್ನು ಪರಿಶೀಲಿಸುವ ಊರು ಅದು. ಯಾವ ಪ್ರಶ್ನೆಗೆ ಯಾವ ಉತ್ತರ ಕೊಡಬೇಕೆಂದು ಕೆಲವು ಕಡೆ ಕೆಲಸಗಾರರಿಗೆ ಮೊದಲೇ ಪಾಠ ಹೇಳಿಕೊಟ್ಟಿರುತ್ತಾರೆಂದು ಕೇಳಿದ್ದೆ. ಅದನ್ನೇ ನೇರವಾಗಿ ಹೇಳಿದೆ.

ರಂಗಮ್ಮಾಳ್ ಜೋರಾಗಿ ನಕ್ಕರು. "ನಮ್ಮೋರ್ಗೆ ಪಾಠ ಹೇಳಕ್ಕಾಗತ್ತಾ ಅಮ್ಮಣಿ? ಒಬ್ಬೊಬ್ರು ಒಂದೊಂದ್ ರಾಜ್ಯ! ಯಾರನ್ನ ಬೇಕಾದ್ರೂ ಕೇಳಿ."

ನಾವು ಪ್ರೊಜೆಕ್ಟರು, ಹೋಟೆಲು, ಅನುವಾದಕರ ಬಗ್ಗೆ ಕೇಳುತ್ತಿದ್ದಾಗ ಬಟ್ಟೆ ಮಡಚುತ್ತಿದ್ದ ಒಬ್ಬರು ಎದ್ದು ಬಂದರು. ಐವತ್ತರ ಹತ್ತಿರದವರು, ನಿಧಾನದ ನಡಿಗೆ, ಕೈಗಳು ಸ್ವಲ್ಪ ನಡುಗುತ್ತಿದ್ದವು. ರಂಗಮ್ಮಾಳ್ ಅವರ ತಮ್ಮ ನಂಜಪ್ಪನ್. ಕಾಲೇಜು ಓದುವಾಗ ಕಾಯಿಲೆ ಬಂದವರು. ನಮ್ಮ ಮಾತಿನ ನಡುವೆಯೇ ವಸಂತಿಯನ್ನು ತಮಿಳಿನಲ್ಲಿ ಕೇಳಿದರು: "ನೀವೂ ಆಸ್ಪತ್ರೆಯಲ್ಲಿದ್ದಿರಂತೆ. ಅಲ್ಲಿ ಕಿಟಕಿ ಇತ್ತಾ?"

ಯಾರೂ ಅವರನ್ನು ಸುಮ್ಮನಿರಿಸಲಿಲ್ಲ. ಅಕ್ಕನೂ ಮಾತು ನಿಲ್ಲಿಸಿ ಕಾದರು. ಅದನ್ನು ನಾನು ಗಮನಿಸಿದೆ.

"ಇತ್ತು ಅಣ್ಣ. ಬಹಳ ಮೇಲೆ. ಬೆಳಕು ಬರುತ್ತಿತ್ತು, ಏನೂ ಕಾಣುತ್ತಿರಲಿಲ್ಲ" ಎಂದರು ವಸಂತಿ.

"ನನಗೂ ಹಾಗೇ" ಎಂದು ನಂಜಪ್ಪನ್ ತಲೆಯಾಡಿಸಿದರು. ಆಮೇಲೆ ಕನ್ನಡಕ್ಕೆ ಹೊರಳಿ ನನಗೆ ಹೇಳಿದರು: "ಮಂಟಪ ಪಾರ್ಕೋಣ, ಬನ್ನಿ. ನಾನೇ ತೋರಿಸ್ತೀನಿ."

ಸಂಘದವರು ಸಮ್ಮೇಳನಕ್ಕೆಂದು ಗೊತ್ತುಮಾಡಿದ್ದು ಒಂದು ಹಳೆಯ ಕಲ್ಯಾಣ ಮಂಟಪ. ಊರಿನಲ್ಲಿ ಅದಕ್ಕಿಂತ ಹೊಸ, ತಂಪಾದ ಮಂಟಪಗಳಿದ್ದವು. ಇದೇ ಏಕೆ ಎಂದೆ. ನಂಜಪ್ಪನ್ ಎರಡೂ ಪಕ್ಕದ ಗೋಡೆಗಳುದ್ದಕ್ಕೂ ಇದ್ದ ಬಾಗಿಲುಗಳನ್ನು ಒಂದೊಂದಾಗಿ ತೆರೆಯುತ್ತ ಹೋದರು. ಪ್ರತಿ ಬಾಗಿಲಿನಾಚೆಗೂ ಜಗುಲಿ, ಬೇವಿನ ಮರದ ನೆರಳು.

"ಎಲ್ಲಾ ಮಂಟಪಾನೂ ನೋಡಿದೆ. ಬೇರೆ ಕಡೆ ವಾಸಲು, ಬಾಗ್ಲು, ಹಿಂದೆ ಒಂದೇ. ನಡುವೆ ಎದ್ದು ಹೋದ್ರೆ ಎಲ್ಲಾರೂ ತಿರುಗಿ ಪಾರ್ತಾರೆ. ತಲೆಯೊಳಗೆ ಸದ್ದು ಜಾಸ್ತಿ ಆದ್ರೆ ನಂಗೆ ಹೊರಗೆ ಹೋಗ್ಬೇಕು. ಇಲ್ಲಿ ಎಲ್ಲಿ ಕೂತ್ರೂ ಪಕ್ಕದಲ್ಲೇ ವಾಸಲು. ಹೋಗ್ಬೋದು. ತಿರುಗಿ ಬರ್ಬೋದು. ಯಾರ್ಗೂ ತೆರಿಯಾದು."

ವಸಂತಿ ಒಂದು ಬಾಗಿಲ ಹೊಸ್ತಿಲ ಮೇಲೆ ಕೂತುಬಿಟ್ಟರು. "ಜೆಸಿಂತಾ, ಇಷ್ಟು ಊರು ಸುತ್ತಿದ್ದೇನೆ. ನಾನು ಹೊರಗೆ ಹೋಗಬೇಕಾದೀತು ಅಂತ ಯೋಚಿಸಿ ಜಾಗ ಆರಿಸಿದವರನ್ನು ಇವತ್ತೇ ನೋಡಿದ್ದು" ಎಂದರು.

ನಾನು ತಿರುಪ್ಪೂರಿನ ಪರವಾಗಿ ಶಿಫಾರಸು ಬರೆದು ಡಾಕ್ಟರ ಮೇಜಿನ ಮೇಲಿಟ್ಟೆ. ಓದಿ ಕನ್ನಡಕ ತೆಗೆದರು. "ಕರೆಂಟು ದಿನಾ ಹೋಗುವ ಊರು. ವಿಮಾನ ನಿಲ್ದಾಣ ಇಲ್ಲ. ಅಂತಾರಾಷ್ಟ್ರೀಯ ಸಭೆ ಒಂದನ್ನೂ ನಡೆಸಿ ಗೊತ್ತಿಲ್ಲ. ಅವರ ಅಧ್ಯಕ್ಷೆಗೆ ಇಂಗ್ಲಿಷ್ ಬಾರದು" ಎಂದರು.

"ಎಲ್ಲ ನಿಜ ಸರ್. ಎಲ್ಲಕ್ಕೂ ದಾರಿ ಬರೆದಿದ್ದೇನೆ. ಬಟ್ಟೆ ಖರೀದಿಗೆ ಬರುವ ವಿದೇಶದವರು ಇಳಿಯುವ ಹೋಟೆಲುಗಳೇ ಅಲ್ಲಿವೆ."

ಅವರು ವರದಿ ಮುಚ್ಚಿಟ್ಟು ಕೇಳಿದರು: "ಅವರು ಮನೆಯಲ್ಲಿ ಕನ್ನಡ ಮಾತಾಡುತ್ತಾರಂತೆ?"

"ಹೌದು."

"ನಿನ್ನ ಭಾಷೆಯವರು ಅಂತ ಆರಿಸಿದೆ ಎಂದು ಜನ ಹೇಳುವುದಿಲ್ಲವಾ?"

"ಜನ ಹೇಳುತ್ತಾರಾ ಸರ್, ನೀವು ಹೇಳುತ್ತಿದ್ದೀರಾ?"

"ನಾನೇ ಹೇಳುತ್ತಿದ್ದೇನೆ ಅಂತಲೇ ಇಟ್ಟುಕೋ."

ಮುಖಕ್ಕೆ ಹೊಡೆದ ಹಾಗಾಯಿತು. ಅಷ್ಟು ವರ್ಷ ಒಟ್ಟಿಗೆ ದುಡಿದವರು. ನನ್ನ ಕುರ್ಚಿಗೆ ಹೋಗಿ ಕೂತೆ. ಕೆಳಗೆ ಯಾರದೋ ಹಲ್ಲು ಕೊರೆಯುವ ಸದ್ದು. ಅಳು ಬಂತು, ಅಳಲಿಲ್ಲ. ಸಿಟ್ಟು ಇಳಿದ ಮೇಲೆ ಯೋಚಿಸಿದೆ. ಅವರ ಮಾತು ನೋಯಿಸಿತು ನಿಜ. ಆದರೆ ಆ ಪ್ರಶ್ನೆ ಕೇಳಲೇಬೇಕಾದದ್ದು. ಕಾರ್ಯದರ್ಶಿ ಅವರ ಸ್ನೇಹಿತನೆಂದು ನಾನು ಮನಸ್ಸಿನಲ್ಲೇ ಎಣಿಸಿರಲಿಲ್ಲವೇ? ಅವರಿಗೆ ಸ್ನೇಹವಾದರೆ ನನಗೆ ಭಾಷೆ. ತಕ್ಕಡಿ ಇಬ್ಬರ ಕೈಯಲ್ಲೂ ಒಂದೇ ಥರ ತೂಗಬೇಕು.

ಮತ್ತೆ ಒಳಗೆ ಹೋಗಿ ಹೇಳಿದೆ: "ಸರ್, ಅರ್ಜಿದಾರರ ಮನೆಮಾತೂ ನನ್ನ ಮನೆಮಾತೂ ಒಂದೇ ಎಂದು ವರದಿಯಲ್ಲೇ ಹೇಳಿಬಿಡುತ್ತೇನೆ. ಇನ್ನೊಮ್ಮೆ ತಪಾಸಣೆ ಆಗಲಿ. ನಾನು ಬರುವುದಿಲ್ಲ. ನೀವು ಹೋಗಿ, ವಸಂತಿ ಜೊತೆ. ನೀವು ಬೇಡ ಎಂದರೆ ನಾನು ಮತ್ತೆ ಬಾಯಿ ತೆರೆಯುವುದಿಲ್ಲ."

ಅವರು ನನ್ನನ್ನೇ ನೋಡಿದರು. "ನನ್ನ ಸ್ನೇಹಿತನ ಕಾಲೇಜಿನ ಮಾತೂ ಹಾಗೇ ಬರೆ. ಅಲ್ಲಿಗೆ ನನ್ನನ್ನು ಬಿಟ್ಟು ಬೇರೆಯವರು ಹೋಗಲಿ" ಎಂದರು. ಇಬ್ಬರೂ ಅಷ್ಟಕ್ಕೇ ನಿಲ್ಲಿಸಿದೆವು. ಕಾಲೇಜಿಗೆ ಮತ್ತೆ ಹೋಗುವ ಪ್ರಸಂಗ ಬರಲಿಲ್ಲ. ಹಳೆಯ ಬ್ಲಾಕು ಮತ್ತು ಟಿ.ವಿ.ಯ ಏರ್ಪಾಡಿನಲ್ಲಿ ಬದಲಾವಣೆ ಸಾಧ್ಯವೇ ಎಂದು ಕೇಳಿದ್ದಕ್ಕೆ, ಗಣ್ಯರ ಭದ್ರತೆಯ ದೃಷ್ಟಿಯಿಂದ ಆಗುವುದಿಲ್ಲ ಎಂದು ಕಾಲೇಜಿನವರೇ ತಿಳಿಸಿದರು.

ಡಾಕ್ಟರು ತಿರುಪ್ಪೂರಿಗೆ ಹೋದ ದಿನ ನಾನು ಕಚೇರಿಯಲ್ಲಿ ಕೂತು ಏನೂ ಕೆಲಸ ಮಾಡಲಿಲ್ಲ. ಸಂಜೆ ಮೆಟ್ಟಿಲ ಮೇಲೆ ಸದ್ದಾಯಿತು. ಡಾಕ್ಟರು ಬಂದರು. ಕೋಟಿನ ತುಂಬ ಹತ್ತಿಯ ಎಳೆಗಳು. ಹಿಂದೆ ವಸಂತಿ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು.

"ಆ ನಂಜಪ್ಪನ್ ನನ್ನನ್ನು ಕೊನೆಯ ಸಾಲಿನಲ್ಲಿ ಕೂರಿಸಿದರು. ನೀವು ಯಾವಾಗಲೂ ಮೇಲೆ ಕೂರುವವರು, ಇಲ್ಲಿ ಕುಂತು ಪಾರುಂಗೋ ಅಂದರು. ವೇದಿಕೆಯ ಮೇಲೆ ರಂಗಮ್ಮಾಳ್ ಮಾತಾಡಿದರು. ನನಗೆ ಒಂದಕ್ಷರ ಕೇಳಿಸಲಿಲ್ಲ. ನಡುವೆ ಕರೆಂಟೂ ಹೋಯಿತು."

ತಿರುಪ್ಪೂರಿನ ಕಥೆ ಮುಗಿಯಿತೆಂದುಕೊಂಡೆ.

"ಕರೆಂಟು ಹೋದದ್ದು ಗೊತ್ತಾದದ್ದು ಫ್ಯಾನು ನಿಂತಾಗಲೇ. ಅಷ್ಟು ಬೆಳಕು ಆ ಬಾಗಿಲುಗಳಿಂದ. ಗಾಳಿಯೂ ಬಂತು" ಎಂದು ಡಾಕ್ಟರು ಮೊದಲ ಬಾರಿಗೆ ನನ್ನೆದುರು ಕೋಟು ಬಿಚ್ಚಿ ಕುರ್ಚಿಗೆ ತೂಗುಹಾಕಿದರು. "ಧ್ವನಿವರ್ಧಕ ಪೂರ್ತಿ ಬದಲಾಗಬೇಕು. ಜನರೇಟರು ಬೇಕು. ತಿಳಿದ ಅನುವಾದಕರು ಬೇಕು. ಇವು ಆಗುವುದಾದರೆ ನನ್ನ ಮತ ತಿರುಪ್ಪೂರಿಗೆ. ನಿನ್ನನ್ನು ಹಾಗೆ ಕೇಳಿದ್ದಕ್ಕೆ ಬೇಸರವಾಯಿತಾ?"

"ಆಯಿತು ಸರ್."

"ಆಗಬೇಕಾದ್ದೇ. ಆದರೆ ಕೇಳದೆ ಇದ್ದಿದ್ದರೆ ಇವತ್ತು ಇಷ್ಟು ಗಟ್ಟಿಯಾಗಿ ಹೇಳಲು ನನಗೆ ಆಗುತ್ತಿರಲಿಲ್ಲ."

ಕೊನೆಯ ತೀರ್ಮಾನ ಫೋನಿನ ಸಭೆಯಲ್ಲಿ. ಹಲವು ದೇಶಗಳ ಸದಸ್ಯರು ಒಂದೇ ತಂತಿಯಲ್ಲಿ. ಎದುರಾಳಿ ಕಡಲ ತೀರದ ಒಂದು ದೊಡ್ಡ ನಗರ, ದೊಡ್ಡ ಸಮ್ಮೇಳನ ಭವನ. ಒಂದು ಮದುವೆ ಛತ್ರದಲ್ಲಿ ಜಾಗತಿಕ ಸಮ್ಮೇಳನವೇ ಎಂದು ಯಾರೋ ನಕ್ಕದ್ದು ಸ್ಪಷ್ಟವಾಗಿ ಕೇಳಿಸಿತು. ಆಗ ವಸಂತಿ ಮಾತಾಡಿದರು. ಹಾಲಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ನಂಜಪ್ಪನ್ ಊರಿನ ಮಂಟಪಗಳನ್ನೆಲ್ಲ ಸುತ್ತಿ, ಬಾಗಿಲು ನೋಡಿ ನೋಡಿ ಆರಿಸಿದ್ದನ್ನು ಹೇಳಿದರು. ಡಾಕ್ಟರು ಧ್ವನಿವರ್ಧಕದ ದೋಷವನ್ನೂ ಕರೆಂಟಿನ ವಿಷಯವನ್ನೂ ಮುಚ್ಚಿಡದೆ ಹೇಳಿ, ಅವನ್ನು ಸರಿಪಡಿಸುವ ಹೊಣೆ ತಮ್ಮದೆಂದರು. ಮತ ಎಣಿಸುವಾಗ ಕೆಳಗೆ ಯಂತ್ರ ಗುಂಯ್ ಎಂದಿತು. ಒಕ್ಕೂಟದ ಅಧ್ಯಕ್ಷರು "ತಂತಿಯಲ್ಲಿ ಏನೋ ಸದ್ದು" ಎನ್ನುತ್ತಲೇ ಮುಂದುವರಿಸಿದರು: "ತಿರುಪ್ಪೂರು."

ನಾನು ರಂಗಮ್ಮಾಳ್‌ಗೆ ಫೋನು ಮಾಡಿದೆ. "ರಂಗಕ್ಕಾ, ನಿಮಗೇ ಆಯ್ತು" ಎಂದೆ. ಆ ಕಡೆ ಹೊಲಿಗೆ ಯಂತ್ರಗಳ ಸದ್ದು. "ಇರಿ ಅಮ್ಮಣಿ, ಮಿಷಿನ್ ನಿಲ್ಲಿಸಿ ಎಲ್ಲಾರ್ಗೂ ಹೇಳ್ಬಿಟ್ಟು ಬರ್ತೀನಿ" ಎಂದರು. ಸದ್ದು ನಿಂತಿತು. ಅನಂತರ ಕೇಳಿಸಿದ ಕೂಗು ಇಂದಿಗೂ ಕಿವಿಯಲ್ಲಿದೆ.

ಸಮ್ಮೇಳನದ ತಯಾರಿ ಸಲೀಸಾಗಿರಲಿಲ್ಲ. ಅತಿಥಿಗಳಿಗೆ ಹೊದಿಸಲು ನೇಕಾರರ ಊರಾದ ಸಿರುಮುಗೈಯಿಂದ ರೇಷ್ಮೆ ಶಾಲು ತರಿಸೋಣವೆಂದು ಡಾಕ್ಟರು. ಹೊದಿಸುವುದಾದರೆ ಬಂದವರಿಗೆಲ್ಲ, ಇಲ್ಲವಾದರೆ ಯಾರಿಗೂ ಬೇಡವೆಂದು ಸಂಘದವರು. ಕೊನೆಗೆ ಎಲ್ಲರಿಗೂ ತಿರುಪ್ಪೂರಿನದೇ ಒಂದೊಂದು ಬನಿಯನ್ ಬಟ್ಟೆಯ ಅಂಗಿ. ಡಾಕ್ಟರೂ ತೊಟ್ಟರು, ಕೋಟಿನ ಒಳಗೆ. ಧ್ವನಿವರ್ಧಕ ಹೊಸದಾಗಿ ಬಂತು. ಡಾಕ್ಟರೇ ಕೊನೆಯ ಸಾಲಿನಲ್ಲಿ ಕೂತು ಪರೀಕ್ಷಿಸಿದರು.

ಉದ್ಘಾಟನೆಯ ದಿನ ನಡೆದ ಒಂದು ಸಂಗತಿ ಹೇಳಲೇಬೇಕು. ಪ್ರಧಾನ ಭಾಷಣಕ್ಕೆ ಬಂದವರು ಹೊರದೇಶದ ಹಿರಿಯ ಪ್ರಾಧ್ಯಾಪಕರು, ಈ ವಿಷಯದಲ್ಲಿ ಪಳಗಿದವರು. ಮಾತಿನ ನಡುವೆ ಇದ್ದಕ್ಕಿದ್ದಂತೆ ನಿಂತುಬಿಟ್ಟರು. ಮುಖ ಬಿಳಿಚಿತು, ಉಸಿರು ಮೇಲೆ ಮೇಲೆ. ವೇದಿಕೆ ಇಳಿದು, ಹತ್ತಿರದ ಪಕ್ಕದ ಬಾಗಿಲಿನಿಂದ ಹೊರಗೆ ಹೋದರು. ಡಾಕ್ಟರುಗಳೇ ತುಂಬಿದ್ದ ಸಭೆ. ಹತ್ತಾರು ಜನ ಎದ್ದರು. ರಂಗಮ್ಮಾಳ್ ಮೈಕು ತೆಗೆದುಕೊಂಡು ತಮಿಳಿನಲ್ಲಿ, "ಎಲ್ಲಾರೂ ಉಕ್ಕಾರುಂಗ. ಅವರ್ ವರುವಾರು" ಎಂದರು. ಕೂತುಕೊಳ್ಳಿ, ಅವರು ಬರುತ್ತಾರೆ. ಅನುವಾದಕಿ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದಳು. ಎಲ್ಲರೂ ಕೂತರು.

ನಾನು ಬಾಗಿಲ ಬಳಿಯಿಂದ ನೋಡಿದೆ. ಪ್ರಾಧ್ಯಾಪಕರು ಜಗುಲಿಯ ಮೆಟ್ಟಿಲ ಮೇಲೆ ಕೂತಿದ್ದರು. ಪಕ್ಕದಲ್ಲಿ, ಸ್ವಲ್ಪ ಅಂತರ ಬಿಟ್ಟು, ನಂಜಪ್ಪನ್. ನಡುವೆ ನೀರಿನ ಲೋಟ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಬೇವಿನ ಮರದಲ್ಲಿ ಅಳಿಲುಗಳು ಓಡಾಡುತ್ತಿದ್ದವು, ಅದನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಪ್ರಾಧ್ಯಾಪಕರು ನೀರು ಕುಡಿದು ಎದ್ದರು. ವೇದಿಕೆಗೆ ಬಂದು, "ಬಾಗಿಲು ಹತ್ತಿರವಿತ್ತು, ಒಳ್ಳೆಯದಾಯಿತು" ಎಂದು ಬಿಟ್ಟಲ್ಲಿಂದ ಭಾಷಣ ಮುಂದುವರಿಸಿದರು. ಸಭೆ ನಕ್ಕಿತು, ಅವರೂ ನಕ್ಕರು. ಡಾಕ್ಟರ್ ವೆಳ್ಳಿಯಂಗಿರಿ ನನ್ನ ಕಡೆ ತಿರುಗಿ ನೋಡಿದರು. ನನ್ನ ವೃತ್ತಿಯಲ್ಲಿ ಸಿಕ್ಕ ಪ್ರಶಸ್ತಿಯೆಂದರೆ ಆ ನೋಟವೇ.

ಆ ಸಮ್ಮೇಳನದ ಅನಂತರ ಆತಿಥೇಯರಿಗೆ ಕೇಳುವ ಪ್ರಶ್ನೆಗಳಲ್ಲಿ ಬಾಗಿಲುಗಳ ಪ್ರಶ್ನೆಯೂ ಸೇರಿತು. ಇಂದು ನೀವು ಅಂಕಪಟ್ಟಿಯಲ್ಲಿ ಅದನ್ನು ಕಂಡರೆ ಅದು ತಿರುಪ್ಪೂರಿನ ನಂಜಪ್ಪನ್ ಅವರದೆಂದು ತಿಳಿಯಿರಿ. ವಸಂತಿಯ ಅವಧಿ ಮುಗಿದಾಗ ಅವರೇ ನಂಜಪ್ಪನ್ ಹೆಸರು ಸೂಚಿಸಿದರು. ಒಕ್ಕೂಟ ಒಪ್ಪಿತು. ಅಕ್ಕ ತಮ್ಮ ಇಬ್ಬರೂ ಪಾಸ್‌ಪೋರ್ಟ್ ಮಾಡಿಸಿದರು. ಅವರ ಮಾತನ್ನು ಇಂಗ್ಲಿಷಿಗೆ ತಿರುಗಿಸುವ ಕೆಲಸ ನನ್ನದಾಯಿತು.

ನಾನು ನಿವೃತ್ತಳಾಗುವ ಮುಂಚೆ ನಾವು ಮೂವರೂ ಹೊರದೇಶದ ಒಂದು ನಗರಕ್ಕೆ ಜಾಗ ನೋಡಲು ಹೋಗಿದ್ದೆವು. ಭವ್ಯವಾದ ಭವನ, ಬೇಕಾದಷ್ಟು ಬಾಗಿಲು, ಯಾವುದಕ್ಕೂ ಕೊರತೆಯಿಲ್ಲ. ನಾನು ಮನಸ್ಸಿನಲ್ಲೇ ಪೂರ್ತಿ ಅಂಕ ಕೊಟ್ಟಿದ್ದೆ. ಕೊನೆಯಲ್ಲಿ ನಂಜಪ್ಪನ್ ಅವರ ಅಭಿಪ್ರಾಯ ಕೇಳಿದೆ.

"ಈಗ ಬೇಡ" ಎಂದರು.

"ಯಾಕೆ ನಂಜಪ್ಪಣ್ಣ?"

"ನಾನ್ ಕೇಳಿದ್ದಕ್ಕೆಲ್ಲಾ ನಿಮ್ಮನ್ನ ಪಾರ್ತು ಬದಿಲು ಹೇಳಿದ್ರು ಅಮ್ಮಣಿ. ನನ್ನ ಮುಖ ಒಂದ್ ತಡವೆ ಕೂಡ ಪಾರ್ಕಲಿಲ್ಲ. ಅವ್ರಿಗೆ ಇದನ್ನ ಹೇಳಿ. ಅಡುತ್ತ ತಡವೆ ಬಂದು ನೋಡೋಣ."

ನನ್ನನ್ನು ನೋಡಿಯೇ ಉತ್ತರ ಕೊಟ್ಟರು, ಅವರ ಮುಖ ಒಂದು ಸಲವೂ ನೋಡಲಿಲ್ಲ, ಮುಂದಿನ ಸಲ ಬರೋಣ ಎಂದು. ಯೋಚಿಸಿ ನೋಡಿದೆ. ಹೌದು, ಹಾಗೇ ಆಗಿತ್ತು. ಅನುವಾದಿಸುವ ಗಡಿಬಿಡಿಯಲ್ಲಿ ನನಗದು ಕಂಡಿರಲಿಲ್ಲ. ಅವರ ಮಾತನ್ನು ಹಾಗೆಯೇ ಒಕ್ಕೂಟಕ್ಕೆ ತಿಳಿಸಿದೆವು. ಆ ಸಲದ ಸಮ್ಮೇಳನ ಆ ನಗರಕ್ಕೆ ಹೋಗಲಿಲ್ಲ. ಆತಿಥೇಯರು ಮೊದಲು ಮುನಿಸಿಕೊಂಡರು. ಆಮೇಲೆ ಕಾರಣ ವಿಚಾರಿಸಿ, ಮತ್ತೆ ಬನ್ನಿ ಎಂದು ನೇರವಾಗಿ ನಂಜಪ್ಪನ್ ಹೆಸರಿಗೇ ಆಹ್ವಾನ ಕಳಿಸಿದರು.

ಹಿಂತಿರುಗಿದ ದಿನ ಚೆನ್ನೈ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ತಪಾಸಣೆಯ ಸಾಲಿನಲ್ಲಿ ನಿಂತಿದ್ದೆವು. ನಂಜಪ್ಪನ್ ಅವರ ನಡುಗುವ ಕೈ ನೋಡಿ ಅಧಿಕಾರಿಗೆ ಏನನ್ನಿಸಿತೋ, ಎಲ್ಲಿಗೆ ಹೋಗಿದ್ದೆ, ಯಾಕೆ ಎಂದು ತಮಿಳಿನಲ್ಲಿ ಗದರಿಸಿ ಕೇಳಿದ. ಹಿಂದಿದ್ದ ರಂಗಮ್ಮಾಳ್ ಉತ್ತರಿಸಲು ಮುಂದೆ ಬಂದರು. ನಂಜಪ್ಪನ್ ಕೈಯೆತ್ತಿ ಅಕ್ಕನನ್ನು ತಡೆದರು.

"ದೊಡ್ಡ ಮೀಟಿಂಗ್ ನಡೆಸಬೇಕು ಅಂತ ಅವರು ಕರೆದಿದ್ದರು ಸಾರ್. ಹೋಗಿ ನೋಡಿದೆ. ಇನ್ನೂ ಸರಿಯಾಗಿಲ್ಲ ಎಂದು ಹೇಳಿ ಬಂದೆ."

"ಹೇಳುವುದಕ್ಕೆ ನೀನು ಯಾರು?"

ನಂಜಪ್ಪನ್ ಅವಸರ ಮಾಡಲಿಲ್ಲ. ಅಂಗಿಯ ಕಾಲರು ಸರಿಮಾಡಿಕೊಂಡರು.

"ಕಮಿಟಿ ಮೆಂಬರ್" ಎಂದರು.

ಅಧಿಕಾರಿ ತಲೆಯೆತ್ತಿ ಒಮ್ಮೆ ಅವರ ಮುಖವನ್ನು ನೋಡಿದ. ಆಮೇಲೆ ಮುದ್ರೆ ಒತ್ತಿ, ಪಾಸ್‌ಪೋರ್ಟನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ.